ಗೆರೆಯ ಕೆಳಗೆ ನೆಟ್ಟ ಕೋಲು

"ಏಯ್! ಅದನ್ನ ಮುಟ್ಬೇಡ!"

ಟ್ರ್ಯಾಕ್ಟರ್ ಮೇಲಿಂದಲೇ ಆರೀ ತಾತ ಕೂಗಿದ. ವೆಸೆಲ್ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

ಅವನೆದುರು ಮೀನುಬಲೆಯ ಒಂದು ದೊಡ್ಡ ಮುದ್ದೆ ಮರಳಿನಲ್ಲಿ ಅರ್ಧ ಹೂತುಹೋಗಿತ್ತು. ಮಲಗಿದ ಹಸುವಿನಷ್ಟು ದಪ್ಪ. ಅದರ ಮೈತುಂಬ ನೀಲಿ ಪ್ಲಾಸ್ಟಿಕ್ ಎಳೆಗಳು ಬಿಚ್ಚಿದ ಜಡೆಯ ಹಾಗೆ ಕೆದರಿಕೊಂಡಿದ್ದವು. ಪಕ್ಕದಲ್ಲಿ ಯಾರೋ ಒಂದು ಕೋಲು ನೆಟ್ಟಿದ್ದರು.

"ಯಾಕೆ ತಾತ? ನಾವು ಬಂದಿರೋದೇ ಕಸ ಎತ್ತೋಕೆ."

"ಕೋಲು ಕಾಣಲ್ವೇನೋ? ಯಾರೋ ನೆಟ್ಟು ಹೋಗಿದಾರೆ. ಅಂದ್ಮೇಲೆ ಅದು ಅವರದ್ದು. ಕೋಳಿಗೂಡಿಗೋ, ಬಟಾಣಿ ಬಳ್ಳಿಗೋ ಬೇಕಾಗಿರತ್ತೆ. ಈ ದ್ವೀಪದಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು! ಟೆಕ್ಸೆಲ್ ದ್ವೀಪದ ಮಕ್ಕಳು ಸೈಕಲ್ ಕಲಿಯುವುದಕ್ಕೆ ಮೊದಲೇ ಇದನ್ನು ಕಲಿತಿರುತ್ತಾರೆ. ಬಿರುಗಾಳಿಯ ಮಾರನೆಯ ದಿನ ಕಡಲು ಹಲಗೆ, ಪೆಟ್ಟಿಗೆ, ಹಗ್ಗ, ಏನನ್ನಾದರೂ ತಂದು ಹಾಕುತ್ತದೆ. ಮೊದಲು ಕಂಡವರು ಅದನ್ನು ನೀರು ಬರುವ ಗೆರೆಯಿಂದ ಮೇಲಕ್ಕೆ ಎಳೆದಿಟ್ಟು ಪಕ್ಕದಲ್ಲೊಂದು ಕೋಲು ನೆಟ್ಟರಾಯಿತು. ವಾರ ಕಳೆದರೂ ಇನ್ನೊಬ್ಬರು ಮುಟ್ಟುವುದಿಲ್ಲ.

ಎಲ್ಲರ ಹಿಂದೆ ನಿಂತಿದ್ದ ನೀಂಕೆ ತನ್ನ ಬೂಟುಗಳನ್ನೇ ನೋಡುತ್ತಿದ್ದಳು. ಆ ಕೋಲು ನೆಟ್ಟವಳು ಅವಳೇ.

ಬೆಳಿಗ್ಗೆ ಸ್ಕೂಲಿಗೆ ಮೊದಲು ಒಬ್ಬಳೇ ಸೈಕಲ್‌ನಲ್ಲಿ ಬಂದಿದ್ದಳು. ಬಲೆಯನ್ನು ನೋಡಿದ್ದೇ ಅವಳಿಗೆ ತಿಳಿದುಹೋಯಿತು. ಹರಿದ ಜಾಗವನ್ನು ಹೊಲಿದು, ಕೊನೆಗೆ ಗಂಟಿನ ಮೇಲೊಂದು ಗಂಟು ಹಾಕಿ, ಬೆರಳುದ್ದ ಬಾಲ ಬಿಡುವವನು ಈ ಊರಿನಲ್ಲಿ ಒಬ್ಬನೇ. ಅವಳ ಅಪ್ಪ.

ಮೂರು ವಾರದ ಹಿಂದೆ ಅಪ್ಪ ಸಿಗಡಿ ಹಿಡಿಯಲು ಹೋಗಿ ಅರ್ಧ ಬಲೆಯೊಂದಿಗೆ ಮರಳಿದ್ದ. "ಮುಳುಗಿದ ಹಡಗಿಗೆ ಸಿಕ್ಕಿಕೊಳ್ತು. ಕತ್ತರಿಸಬೇಕಾಯ್ತು" ಎಂದಷ್ಟೇ ಹೇಳಿ ಸೂಪಿನ ಬಟ್ಟಲಿಗೆ ತಲೆ ತಗ್ಗಿಸಿದ್ದ. ಅಂದಿನಿಂದ ಮನೆಯಲ್ಲಿ ಬಲೆಯ ಮಾತೇ ಇಲ್ಲ. ಸಂಜೆಯಾದರೆ ಅಪ್ಪ ಎದ್ದು ಹೋಗುತ್ತಿದ್ದ. ಎಲ್ಲಿಗೆ ಎಂದು ಅಮ್ಮನೂ ಕೇಳುತ್ತಿರಲಿಲ್ಲ.

ನಿನ್ನೆ ಕ್ಲಾಸಿನಲ್ಲಿ ವೆಸೆಲ್ ಎದ್ದು ನಿಂತು ಹೇಳಿದ್ದ: "ಮಿಸ್, ಬೀಚಲ್ಲಿ ಸಿಗೋ ನೀಲಿ ದಾರ ಎಲ್ಲಾ ಬಲೆ ಹಾಕೋರದ್ದೇ. ನೀಂಕೆ, ನಿಮ್ಮಪ್ಪ ಸಿಗಡಿ ಹಿಡೀತಾರೋ ಪ್ಲಾಸ್ಟಿಕ್ ಬಿತ್ತಾರೋ?" ಇಡೀ ಕ್ಲಾಸು ನಕ್ಕಿತ್ತು.

ಇವತ್ತು ಇದೇ ದಡದಲ್ಲಿ ಎಲ್ಲರೂ ಕಸ ಹೆಕ್ಕಬೇಕಿತ್ತು. ಜರ್ಮನಿಯ ಒಂದು ಪುಟ್ಟ ದ್ವೀಪದ ಮಕ್ಕಳೂ ಜೊತೆಗೆ ಬರುವವರಿದ್ದರು. ಅದಕ್ಕೇ ಬೆಳಿಗ್ಗೆ ನೀಂಕೆ ಬಲೆಯನ್ನು ಮರೆಗೆ ಎಳೆಯಲು ನೋಡಿದ್ದಳು. ಅದು ಒಂದಿಂಚೂ ಕದಲಲಿಲ್ಲ. ಇದ್ದಲ್ಲೇ ಕೋಲು ನೆಟ್ಟುಬಿಟ್ಟಿದ್ದಳು. ಕೋಲಿದ್ದರೆ ಯಾರೂ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಗಂಟು ಯಾರಿಗೂ ಕಾಣುವುದಿಲ್ಲ.

"ನೆಟ್ಟೋರು ಯಾರೋ ದಡ್ಡರು" ಎಂದ ಆರೀ ತಾತ. "ಗೆರೆ ಕೆಳಗೆ ನೆಟ್ಟಿದಾರೆ. ಗಾಳಿ ತಿರುಗಿದೆ. ಇನ್ನೊಂದು ಸ್ವಲ್ಪ ಹೊತ್ತಿಗೆ ನೀರು ಇದನ್ನ ಎಳ್ಕೊಂಡು ಹೋಗತ್ತೆ."

"ಹಾಗಾದ್ರೆ ಈಗ್ಲೇ ಮೇಲಕ್ಕೆ ಎಳೀರಿ" ಎಂದರು ದೋರೀನ್ ಮಿಸ್.

"ನೆಟ್ಟೋರು ಬಂದು ಹೇಳಿದ್ರೆ ಎಳೀತೀನಿ. ಬೇರೆಯವರದ್ದಕ್ಕೆ ನಮ್ಮಪ್ಪನೂ ಕೈ ಹಾಕ್ಲಿಲ್ಲ, ನಾನೂ ಹಾಕಲ್ಲ. ಬೇಗ ಬೇಗ ಚೀಲ ತುಂಬ್ಸಿ. ನೀರು ಏರಿದ್ರೆ ಟ್ರ್ಯಾಕ್ಟರ್ ಇಲ್ಲೇ ಸಿಕ್ಕಿಕೊಳ್ಳತ್ತೆ."

ಮಕ್ಕಳು ಚೀಲ ಹೊತ್ತು ಟ್ರ್ಯಾಕ್ಟರ್‌ಗೆ ಹಾಕತೊಡಗಿದರು. ನೀಂಕೆಯ ಜೋಡಿಯಾಗಿ ಬಂದಿದ್ದವಳು ವೀಬ್ಕೆ ಎಂಬ ಜರ್ಮನ್ ಹುಡುಗಿ. ಅವಳು ಬಲೆಯ ಮುಂದೆಯೇ ನಿಂತಿದ್ದಳು.

"ಇದು ನೀರಿಗೆ ಹೋದ್ರೆ ಎಲ್ಲಿಗೆ ಹೋಗತ್ತೆ?" ಎಂದು ತಡವರಿಸುತ್ತ ಕೇಳಿದಳು.

ಆರೀ ತಾತ ಈಶಾನ್ಯದ ಕಡೆ ಗಲ್ಲ ಎತ್ತಿ ತೋರಿಸಿದ. "ಎಲ್ಲಿಗೆ? ನಿಮ್ಮೂರಿಗೇ. ನಿನಗಿಂತ ಮೊದ್ಲೇ ಹೋಗಿ ಸೇರ್ಕೊಂಡ್ರೂ ಸೇರ್ಕೊಂಡೀತು!"

ವೀಬ್ಕೆ ನಗಲಿಲ್ಲ. "ನಮ್ಮ ಹೆಲ್ಗೋಲಾಂಡ್‌ನಲ್ಲಿ ಬಂಡೆ ಮೇಲೆ ದೊಡ್ಡ ಬಿಳಿ ಹಕ್ಕಿಗಳು ಗೂಡು ಕಟ್ತವೆ. ಹುಲ್ಲು ಅಂದ್ಕೊಂಡು ಈ ನೀಲಿ ದಾರಾನೇ ತರ್ತವೆ. ಮರಿ ಕಾಲು ಸಿಕ್ಕಿಕೊಳ್ಳತ್ತೆ. ಚಳಿಗಾಲಕ್ಕೆ ಎಲ್ಲಾ ಹಕ್ಕಿ ಹಾರಿಹೋಗ್ತವೆ. ಅದೊಂದು ಮಾತ್ರ ರೆಕ್ಕೆ ಬಡೀತಾ ಅಲ್ಲೇ ಇರತ್ತೆ."

"ಬಿಡಿಸೋಕೆ ಆಗಲ್ವಾ?" ಎಂದು ನೀಂಕೆ ಕೇಳಿದಳು.

"ಬಂಡೆ ತುಂಬಾ ಕಡಿದಾಗಿದೆ. ಆ ಹಕ್ಕಿ ನಮ್ಮ ಕಿಟಕಿಯಿಂದ ಕಾಣತ್ತೆ. ಅಮ್ಮ ಪರದೆ ಎಳೀತಾಳೆ."

ಒಂದು ಅಲೆ ಉಳಿದವುಗಳಿಗಿಂತ ಮುಂದಕ್ಕೆ ಬಂತು. ನೊರೆ ಬಲೆಯ ಅಂಚನ್ನು ಮುಟ್ಟಿತು. ನೀಲಿ ಎಳೆಗಳು ಎದ್ದು ತೇಲಿ ಮತ್ತೆ ಮಲಗಿದವು. ಆ ಕಡೆ ಟ್ರ್ಯಾಕ್ಟರ್ ಹೊರಡುವ ಸದ್ದಾಯಿತು.

ಈಗ ಸುಮ್ಮನಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ನೀಂಕೆ ಕೋಲಿನ ಹತ್ತಿರ ಹೋದಳು. ಎರಡೂ ಕೈಯಲ್ಲಿ ಹಿಡಿದು ಕಿತ್ತಳು.

"ತಾತಾ, ನಿಲ್ಸಿ! ಇದನ್ನ ನೆಟ್ಟಿದ್ದು ನಾನೇ."

ಎಲ್ಲರೂ ತಿರುಗಿದರು.

"ನೀನಾ? ನಿನಗ್ಯಾಕೆ ಈ ಬಲೆ?"

"ನಮ್ಮಪ್ಪಂದು" ಎಂದಳು ನೀಂಕೆ. ದನಿ ಗಾಳಿಗೆ ಹಾರಿಹೋದಂತಾಯಿತು. ಮತ್ತೆ ಜೋರಾಗಿ ಹೇಳಿದಳು. "ಇದು ನಮ್ಮಪ್ಪನ ಬಲೆ. ಮೇಲಕ್ಕೆ ಎಳೀರಿ, ತಾತ."

"ನಾನು ನಿನ್ನೆನೇ ಹೇಳ್ಲಿಲ್ವಾ?" ಎಂದು ವೆಸೆಲ್ ಶುರುಮಾಡಿದ.

"ಆಮೇಲೆ ಹೇಳುವಿಯಂತೆ. ಈಗ ಬಾಯಿ ಮುಚ್ಕೊಂಡು ಈ ಹಗ್ಗ ಹಿಡಿ" ಎಂದು ಆರೀ ತಾತ ಹಗ್ಗವನ್ನು ಅವನ ಕಡೆ ಎಸೆದ.

ಟ್ರ್ಯಾಕ್ಟರ್ ಚಕ್ರ ನಿಂತಲ್ಲೇ ತಿರುಗಿ ಎಲ್ಲರ ಮೈಮೇಲೆ ಮರಳು ಹಾರಿಸಿತು. ಮಕ್ಕಳು ಹಿಂದಿನಿಂದ ನೂಕಿದರು. ನೀರು ಬೂಟಿನೊಳಗೆ ಇಳಿಯಿತು. ಬಲೆ ಕದಲಿತು, ನಿಂತಿತು, ಮತ್ತೆ ಕದಲಿತು. ಕೊನೆಗೆ ಕಡಲು ಅದನ್ನು ಬಿಟ್ಟುಕೊಟ್ಟಿತು.

ಬಂದರಿನಲ್ಲಿ ಹಳೆ ಬಲೆಗಳನ್ನು ರಾಶಿ ಹಾಕುವ ಒಂದು ಅಂಗಳವಿದೆ. ಅಲ್ಲಿಂದ ಅವು ಬೇರೆ ದೇಶದ ಫ್ಯಾಕ್ಟರಿಗೆ ಹೋಗಿ, ಕರಗಿ, ಮತ್ತೆ ನೂಲಾಗುತ್ತವೆ. ಟ್ರ್ಯಾಕ್ಟರ್ ಬಲೆಯನ್ನು ಅಲ್ಲಿ ಇಳಿಸಿತು. ಸುದ್ದಿ ಮುಟ್ಟಿ ಅಪ್ಪ ದೋಣಿಯಿಂದ ನಡೆದು ಬಂದ. ಯಾರ ಮುಖವನ್ನೂ ನೋಡದೆ ನೇರವಾಗಿ ಆ ಗಂಟಿನ ಬಳಿ ಕೂತು ಹೆಬ್ಬೆರಳಿನಿಂದ ಮರಳು ಒರೆಸಿದ.

"ಅಪ್ಪ, ನಾನು ಎಲ್ಲರ ಮುಂದೆ ಹೇಳ್ಬಿಟ್ಟೆ" ಎಂದಳು ನೀಂಕೆ.

ಅಪ್ಪ ತಲೆ ಎತ್ತದೆ ಕೇಳಿದ, "ಎಲ್ಲಿ ಸಿಕ್ತು?"

"ದೀಪಸ್ತಂಭದ ಈಚೆ ದಡದಲ್ಲಿ."

"ಅಲ್ಲಾ! ನಾನು ಇಷ್ಟು ದಿನ ಹಡಗು ಮುಳುಗಿದ ಜಾಗದಲ್ಲೇ ಹುಡುಕ್ತಾ ಇದ್ದೆ."

"ಹುಡುಕ್ತಾ ಇದ್ಯಾ?"

"ಮತ್ತೆ? ದಿನಾ ಸಂಜೆ ಕೊಕ್ಕೆ ಇಳಿಸಿ ಸುತ್ತಿದ್ದೇ ಸುತ್ತಿದ್ದು. ಬಂದರಿನ ಆಫೀಸಿಗೂ ಅವತ್ತೇ ಹೇಳಿದ್ದೆ. ಜರ್ಮನಿ ದೋಣಿಯೋರು, ಡೆನ್ಮಾರ್ಕಿನೋರು, ಎಲ್ಲರೂ ನನಗೋಸ್ಕರ ಒಂದು ಕಣ್ಣಿಟ್ಟಿದ್ರು, ಪಾಪ."

"ಮನೇಲಿ ಯಾಕೆ ಹೇಳ್ಲಿಲ್ಲ?"

ಅಪ್ಪ ಗಂಟಿನ ಬಾಲವನ್ನು ಎಳೆದು ನೋಡಿದ. "ಸಿಕ್ಕಿದ್ಮೇಲೆ ಹೇಳೋಣ ಅಂತ."

ಬಲೆಯದ್ದು ಒಂದು ಜಾತಿಯ ಪ್ಲಾಸ್ಟಿಕ್, ಅದರ ಅಡಿ ಕಡಲ ನೆಲಕ್ಕೆ ಉಜ್ಜಿ ಸವೆಯದಂತೆ ಕಟ್ಟುವ ನೀಲಿ ಎಳೆಯದ್ದು ಇನ್ನೊಂದು. ಒಟ್ಟಿಗೆ ಕರಗಿಸಿದರೆ ಎರಡೂ ಕೆಡುತ್ತವೆ. ಒಂದೊಂದು ಎಳೆಯನ್ನೂ ಕೈಯಲ್ಲೇ ಕತ್ತರಿಸಿ ತೆಗೆಯಬೇಕು. ಅಪ್ಪ ಕತ್ತರಿಗಳನ್ನು ತಂದಿಟ್ಟ. ವೀಬ್ಕೆ ಒಂದನ್ನು ತೆಗೆದುಕೊಂಡಳು. ವೆಸೆಲ್ ಸ್ವಲ್ಪ ಹೊತ್ತು ಕಾಲಿಂದ ಕಾಲಿಗೆ ಭಾರ ಹಾಕುತ್ತ ನಿಂತಿದ್ದು, ಕೊನೆಗೆ "ನನಗೊಂದು ಕೊಡಿ" ಎಂದು ಕೂತ.

ಕತ್ತರಿಗಳು ಕಚಕಚ ಆಡತೊಡಗಿದವು.

ಇದ್ದಕ್ಕಿದ್ದಂತೆ ಗಾಳಿ ಬೀಸಿತು. ರಾಶಿಯಿಂದ ಒಂದೇ ಒಂದು ನೀಲಿ ಎಳೆ ಮೇಲೆದ್ದು ನೀರಿನ ಕಡೆ ಹಾರಿತು. ಅಪ್ಪ ಕತ್ತರಿ ಬಿಸಾಕಿ ಎದ್ದವನೇ ಓಡಿದ. ಮೊಣಕಾಲುದ್ದದ ಬೂಟು ದಪದಪ ಬಡಿಯುತ್ತ, ಎರಡೂ ಕೈ ಚಾಚಿಕೊಂಡು, ಕಟ್ಟೆಯ ಉದ್ದಕ್ಕೂ ಓಡಿದ.

"ಅಯ್ಯೋ, ನೋಡ್ರೋ!" ಎಂದು ವೆಸೆಲ್ ನಕ್ಕ. ವೀಬ್ಕೆಯೂ ನಕ್ಕಳು.

ನೀಂಕೆ ನಗಲಿಲ್ಲ. ದಿನಾ ಸಂಜೆ ಆ ದೊಡ್ಡ ಕಡಲಿನಲ್ಲಿ ಅಪ್ಪ ಒಬ್ಬನೇ ಹೇಗೆ ಹುಡುಕಿರಬಹುದೆಂದು ಅವಳಿಗೆ ಈಗ ಕಾಣುತ್ತಿತ್ತು. ಅವಳೂ ಎದ್ದು ಅವನ ಹಿಂದೆಯೇ ಓಡಿದಳು.