ತಾಳೆಯಾದ ಇಪ್ಪತ್ತನಾಲ್ಕು ಅಂಕಿಗಳು

"ಈಗ್ಲೇ ಆ ಕಡೆ ನೋಡ್ಬೇಡ ಕಣೇ... ಅಯ್ಯೋ, ನೋಡೇ ಬಿಟ್ಲಲ್ಲ!"

ಟೀಚರ್ ಕೈ ಹಿಡಿದೆಳೆಯುವಷ್ಟರಲ್ಲಿ ಅವಳು ನೋಡಿಯಾಗಿತ್ತು.

ಜಪಾನಿ ಹೋಟೆಲಿನ ಉದ್ದನೆಯ ಮರದ ಕೌಂಟರಿನ ಆಚೆ ಕಪ್ಪು ಏಪ್ರನ್ ಕಟ್ಟಿಕೊಂಡವನೊಬ್ಬ ನಿಂತಿದ್ದ. ಅಗಲವಾದ ಮರದ ತೊಟ್ಟಿಯಲ್ಲಿ ಹಬೆಯಾಡುವ ಅನ್ನ. ಅದಕ್ಕೆ ವಿನಿಗರ್ ಚಿಮುಕಿಸಿ, ಒಂದು ಅಗುಳೂ ಜಜ್ಜದ ಹಾಗೆ ಚಪ್ಪಟೆ ಸೌಟಿನಿಂದ ತಿರುವುತ್ತಿದ್ದ. ತಲೆ ಚೂರೇ ಚೂರು ಬಲಕ್ಕೆ ವಾಲಿತ್ತು.

ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ಎತ್ತಿ ಹಿಡಿದು ನೋಡುವಾಗ ಅವನ ತಲೆ ಹಾಗೇ ವಾಲುತ್ತಿತ್ತು.

'ಮುನಿ!'

ಒಂಬತ್ತು ವರ್ಷಗಳಾದ ಮೇಲೂ ಎದೆಗೆ ಬುದ್ಧಿ ಬಂದಿರಲಿಲ್ಲ. ಧಸಕ್ಕೆಂದಿತು.

ಅವನು ತಲೆಯೆತ್ತಿದ. ಸೌಟು ನಿಂತಿತು. ಒಂದು ಕ್ಷಣ... ಎರಡು... ಆಮೇಲೆ ಕೈ ಒರೆಸಿಕೊಂಡು ಬಂದು, ತೀರಾ ಮೆಲ್ಲಗೆ ಕೇಳಿದ.

"ಬನ್ನಿ. ಎಷ್ಟು ಜನ ಇದೀರಿ?"

ಬನ್ನಿ! 'ಬಾರೇ, ಎಷ್ಟೊತ್ತು ಕಾಯ್ಲಿ' ಎಂದು ಗೊಣಗುತ್ತಿದ್ದವನ ಬಾಯಲ್ಲಿ ಬನ್ನಿ!

"ಮೂರು ಜನ. ನಿಮಗೇನೂ ತೊಂದರೆ ಇಲ್ಲದಿದ್ರೆ," ಎಂದಳು ಅವಳು, ಅಷ್ಟೇ ತಣ್ಣಗೆ.

"ತೊಂದರೆ ಏನು ಬಂತು?" ಗೆಳೆಯ ಡಬ್ಬಿ ಆಗಲೇ ಕಿಟಕಿ ಪಕ್ಕದ ಮೇಜಿಗೆ ಹೊಟ್ಟೆ ತೂರಿಸುತ್ತಿದ್ದ. "ಹಸಿವಾಗಿರೋನಿಗೆ ಬೇಯಿಸದೆ ಕೊಡ್ತಾರಂತೆ. ಇದಕ್ಕಿಂತ ಬೇಗ ಊಟ ಎಲ್ಲಿ ಸಿಗುತ್ತೆ?"

ಭಾನುವಾರ ಮಧ್ಯಾಹ್ನದ ಈ ಊಟ ಡಬ್ಬಿಯದೇ ಏರ್ಪಾಡು. ಕಾಲೇಜಿನಲ್ಲಿ ಎಲ್ಲರ ಊಟದ ಡಬ್ಬಿಗೂ ಕೈ ಹಾಕಿ ಆ ಹೆಸರು ಗಳಿಸಿದವನು, ಈಗ ಔಷಧಿ ಅಂಗಡಿಯ ಯಜಮಾನ. ಟೀಚರ್ ಅವಳ ಹಾಸ್ಟೆಲ್ಲಿನ ಕೋಣೆ ಗೆಳತಿ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಇನ್ನು ಅವಳು... ಯಾವ ಅಳತೆಯನ್ನೂ ಚುಕ್ಕಿಯ ಮುಂದೆ ಮೂರು ಸ್ಥಾನದವರೆಗೆ ಬರೆಯದೆ ಬಿಡದವಳು. ಅದಕ್ಕೇ ಎಲ್ಲರಿಗೂ ದಶಮಾಂಶ. ಈಗ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಹಿರಿಯ ವಿಶ್ಲೇಷಕಿ.

ಆ ಹೆಸರಿಟ್ಟವನು ಮುನಿಯೇ.

"ಬೇಕು ಅಂತಲೇ ಇಲ್ಲಿಗೆ ಕರ್ಕೊಂಡು ಬಂದ್ರಲ್ಲಾ?" ದಶಮಾಂಶ ಹಲ್ಲು ಕಚ್ಚಿ ಕೇಳಿದಳು.

"ಹೂಂ," ಎಂದಳು ಟೀಚರ್, ಒಂದಿಷ್ಟೂ ನಾಚಿಕೆಯಿಲ್ಲದೆ. "ಒಂಬತ್ತು ವರ್ಷದಿಂದ 'ಯಾಕೆ ಹಾಗೆ ಮಾಡ್ದ, ಯಾಕೆ ಹಾಗೆ ಮಾಡ್ದ' ಅಂತ ನನ್ನ ತಲೆ ತಿಂದಿದೀಯ. ಇವತ್ತು ಮೀನು ತಿನ್ನು, ಅವನನ್ನೇ ಕೇಳು."

ಯಾಕೆ ಹಾಗೆ ಮಾಡಿದ?

ಆ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಮುಳ್ಳಿನಂತೆ ನಿಂತಿತ್ತು. ನುಂಗಲೂ ಆಗದೆ, ಉಗುಳಲೂ ಆಗದೆ.

ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಅವರಿಬ್ಬರೂ ಜೋಡಿ. ನಾಲ್ಕು ತಿಂಗಳು ಕಷ್ಟಪಟ್ಟು ಬೇರ್ಪಡಿಸಿದ ಒಂದು ಕಿಣ್ವ, ಇಪ್ಪತ್ತನಾಲ್ಕು ಕೊಳವೆಗಳಲ್ಲಿ. ಅದು ಸದಾ ತಣ್ಣಗಿರಬೇಕು. ಬಿಸಿ ತಗುಲಿದರೆ ಸತ್ತುಹೋಗುತ್ತದೆ. ಇಬ್ಬರಿಗೂ ಒಂದು ಕರಾರಿತ್ತು. ಸಂಜೆ ಅವಳು ಅಳೆದು ಹಾಳೆಯನ್ನು ಡ್ರಾಯರಿನಲ್ಲಿ ಮುಚ್ಚಿಡಬೇಕು. ಬೆಳಿಗ್ಗೆ ಅವನು ಅದನ್ನು ನೋಡದೆ ಅದೇ ಕೊಳವೆಗಳನ್ನು ಮತ್ತೆ ಅಳೆಯಬೇಕು. ಆಮೇಲಷ್ಟೇ ಎರಡೂ ಹಾಳೆ ಅಕ್ಕಪಕ್ಕ.

ಪ್ರಾಮಾಣಿಕವಾದ ಎರಡು ಅಳತೆಗಳು ಎಂದೂ ಪೂರ್ತಿ ತಾಳೆಯಾಗುವುದಿಲ್ಲ. ಕೊನೆಯ ಅಂಕಿ ಚೂರು ಆಚೀಚೆ ಇದ್ದೇ ಇರುತ್ತದೆ. ಆ ಆಚೀಚೆಯೇ ಸತ್ಯದ ಗುರುತು ಎಂದು ಅವರಿಬ್ಬರೂ ನಂಬಿದ್ದರು.

ಎಷ್ಟು ಚೆನ್ನಾಗಿದ್ದವು ಆ ದಿನಗಳು! ಮೊಣಕೈ ತಾಗುವಷ್ಟು ಕಿರಿದಾದ ಮೇಜು. ಯಂತ್ರ ಬೆಚ್ಚಗಾಗುವ ಹದಿನೈದು ನಿಮಿಷ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಅವನು ಮಾತಾಡುವುದೇ ಅಪರೂಪ. ಆದರೆ ಅವಳ ಪೆನ್ಸಿಲ್ ಮೊಂಡಾದರೆ, ಕೇಳುವ ಮೊದಲೇ ಕೆತ್ತಿದ್ದೊಂದು ಪಕ್ಕದಲ್ಲಿರುತ್ತಿತ್ತು.

ವರದಿ ಒಪ್ಪಿಸುವ ದಿನ ಅವನಿಗೆ ಒಂದು ಮಾತು ಹೇಳಬೇಕೆಂದು ಅವಳು ನಿಶ್ಚಯಿಸಿದ್ದಳು. ಕನ್ನಡಿಯ ಮುಂದೆ ಎರಡು ಸಲ ಹೇಳಿಯೂ ನೋಡಿದ್ದಳು...

ಕೊನೆಯ ಅಳತೆಯ ಸಂಜೆ ಫೋನು ಬಂತು. ಅಪ್ಪ ಮೆಟ್ಟಿಲಿಂದ ಬಿದ್ದಿದ್ದರು. ಅವಳು ಓಡಿದಳು. ನಾಲ್ಕನೇ ದಿನ ಅಪ್ಪ ಹೋದರು.

ಹದಿನೈದು ದಿನಗಳ ಮೇಲೆ ಕಾಲೇಜಿಗೆ ಬಂದಾಗ ವರದಿ ಆಗಲೇ ಒಪ್ಪಿಸಿಯಾಗಿತ್ತು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಸರ್ ಕೋಣೆಯಲ್ಲಿ ಎರಡೂ ಹಾಳೆಗಳನ್ನು ನೋಡಿದಳು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಒಂದೇ! ಕೊನೆಯ ಅಂಕಿಯವರೆಗೂ!

"ಇವನು ಅಳೆದೇ ಇಲ್ಲ ಸರ್! ನನ್ನದನ್ನ ನೋಡಿ ಬರೆದಿದಾನೆ... ಕಳ್ಳ!"

ಅಪ್ಪನನ್ನು ಕಳೆದುಕೊಂಡ ಸಂಕಟವೆಲ್ಲ ಆ ಒಂದು ಪದದಲ್ಲಿ ಹೊರಬಿದ್ದಿತ್ತು.

ಮುನಿ ನೆಲ ನೋಡುತ್ತ ನಿಂತಿದ್ದ. "ಹೌದು ಸರ್. ನೋಡಿ ಬರೆದೆ," ಎಂದನಷ್ಟೇ. ಅವಳ ಅಳತೆ ಉಳಿಯಿತು. ಅವನ ವರ್ಷ ಹೋಯಿತು. ಅವನು ಮತ್ತೆ ಆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

"ಏಯ್, ಎಲ್ಲಿ ಹೋದೆ?" ಡಬ್ಬಿ ಚಾಪ್‌ಸ್ಟಿಕ್ಕಿನಿಂದ ಅವಳ ಮೂಗಿನ ಮುಂದೆ ಗಾಳಿ ಕುಟ್ಟಿದ. "ಈ ಎರಡು ಕಡ್ಡಿ ಹಿಡ್ಕೊಂಡು ಊಟ ಮಾಡೋಷ್ಟರಲ್ಲಿ ನನ್ನ ಮಗಳ ಮದುವೆ ಆಗಿಹೋಗುತ್ತೆ!"

"ನಿನ್ನ ಮಗಳಿಗಿನ್ನೂ ಎರಡು ವರ್ಷ ಕಣೋ."

"ಅದನ್ನೇ ನಾನೂ ಹೇಳ್ತಿರೋದು!"

ಟೀಚರ್ ನಕ್ಕು ನಕ್ಕು ಕೆಮ್ಮಿದಳು. ಅವಳದು ಸೌತೆಕಾಯಿ ಸುರುಳಿ. ಡಬ್ಬಿಯ ಎರಡನೇ ತಟ್ಟೆ ಮೇಜಿನ ನಡುವೆ ಹಾಗೇ ಕೂತಿತ್ತು: ಅನ್ನದ ಪುಟ್ಟ ಉಂಡೆಗಳ ಮೇಲೆ ಕಿತ್ತಳೆ ಬಣ್ಣದ ಹಸಿ ಮೀನಿನ ತೆಳು ಹೋಳುಗಳು. ಹಳೆಯ ಮಾತು ಶುರುವಾದರೆ ಊಟ ಯಾರಿಗೆ ನೆನಪಿರುತ್ತದೆ? ಹಾಸ್ಟೆಲ್ಲಿನ ಮುರಿದ ಫ್ಯಾನು, ವಾರ್ಡನ್ನಿನ ಬೆಕ್ಕು, ಪರೀಕ್ಷೆಯ ದಿನ ಡಬ್ಬಿ ಹಾಕಿಕೊಂಡು ಬಂದ ಬೇರೆ ಬೇರೆ ಚಪ್ಪಲಿ... ಕಿಟಕಿಯ ಬಿಸಿಲು ನಿಧಾನಕ್ಕೆ ಸರಿದು ಆ ತಟ್ಟೆಯ ಮೇಲೆ ಬಿದ್ದಿತ್ತು.

ಒಂದು ಕೈ ಬಂದು ತಟ್ಟೆಯನ್ನು ಎತ್ತಿಕೊಂಡಿತು.

"ಲೋ! ಅದಿನ್ನೂ ತಿಂದಿಲ್ಲ ಕಣೋ!" ಡಬ್ಬಿ ಕೂಗಿದ.

"ಬಿಸಿಲಿಗೆ ಬಿದ್ದಿದೆ, ತಿನ್ಬೇಡ," ಎಂದ ಮುನಿ. "ಹೊಸದು ಮಾಡಿಕೊಡ್ತೀನಿ."

"ನೋಡೋಕೆ ಚೆನ್ನಾಗೇ ಇದೆಯಲ್ಲ!"

"ಕೆಟ್ಟಿದ್ದು ಮೊದಮೊದಲು ನೋಡೋಕೆ ಚೆನ್ನಾಗೇ ಇರುತ್ತೆ."

ಡಬ್ಬಿ ಹಣೆ ಚಚ್ಚಿಕೊಂಡ. "ನೀನು ಬದಲಾಗಲೇ ಇಲ್ಲ ಬಿಡು. ಅವತ್ತೂ ಹೀಗೇ ಅಲ್ವಾ? ಬೆಳಿಗ್ಗೆ ಬೆಳಿಗ್ಗೆ ಅಷ್ಟೂ ಕೊಳವೆನ ಸಿಂಕಿಗೆ ಸುರಿದು ಬಿಟ್ಟೆ. ರಾತ್ರಿಯೆಲ್ಲ ಹೊರಗಿತ್ತು, ಸತ್ತುಹೋಗಿದೆ ಅಂತ..."

ಮಾತು ಅರ್ಧಕ್ಕೇ ನಿಂತಿತು. ಡಬ್ಬಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಆದರೆ ಆಡಿದ ಮಾತು, ಒಡೆದ ಮುತ್ತು.

ಮುನಿ ತಟ್ಟೆ ಹಿಡಿದು ಒಳಗೆ ನಡೆದುಬಿಟ್ಟ.

"ಯಾವ ಕೊಳವೆ?" ದಶಮಾಂಶಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. "ಡಬ್ಬಿ, ಯಾವ ಕೊಳವೆ?"

"ನನಗೆ ಆಣೆ ಹಾಕಿಸಿದ್ದ ಕಣೇ..."

"ನಾನು ಕೊಳವೆಗಳ ಟ್ರೇಯನ್ನ ಫ್ರಿಜ್ಜಲ್ಲಿ ಇಟ್ಟೇ ಹೋಗಿದ್ದೆ!"

ಟೀಚರ್ ಅವಳ ಕೈ ಮೇಲೆ ಕೈಯಿಟ್ಟಳು.

ಇಟ್ಟಿದ್ದೆನೇ? ಅವಳು ಕಣ್ಣು ಮುಚ್ಚಿದಳು. ಫೋನು... ಅಮ್ಮನ ಅಳು... ಬ್ಯಾಗು... ಬಾಗಿಲು. ಹಾಳೆಯನ್ನು ಡ್ರಾಯರಿಗೆ ತಳ್ಳಿದ್ದು ನೆನಪಿದೆ. ಟ್ರೇ ಎತ್ತಿದ್ದು? ಫ್ರಿಜ್ಜಿನ ಬಾಗಿಲು ತೆಗೆದಿದ್ದು? ಒಂಬತ್ತು ವರ್ಷ 'ಇಟ್ಟಿದ್ದೆ' ಎಂದು ನಂಬಿದ್ದಳೇ ಹೊರತು, ಇಟ್ಟ ನೆನಪು ಅವಳಲ್ಲಿ ಎಲ್ಲೂ ಇರಲಿಲ್ಲ.

ಊರಿಗೆಲ್ಲ ಲೆಕ್ಕ ಹೇಳುವ ದಶಮಾಂಶ!

ಮೂರು ಗಂಟೆಗೆ ಹೋಟೆಲಿನವರು ಬಾಗಿಲಿನ ಫಲಕ ತಿರುಗಿಸಿದರು. ಇನ್ನು ಸಂಜೆಯವರೆಗೆ ಬಿಡುವು. ಅವಳು ಯಾರನ್ನೂ ಕೇಳದೆ ಅಡುಗೆಮನೆ ದಾಟಿ ಹಿಂದಿನ ಅಂಗಳಕ್ಕೆ ಹೋದಳು. ಮುನಿ ಮಗುಚಿದ ಕ್ರೇಟಿನ ಮೇಲೆ ಕೂತು, ಉಳಿದ ಅನ್ನವನ್ನು ಬಟ್ಟಲಿನಿಂದ ಕೈಯಲ್ಲೇ ತಿನ್ನುತ್ತಿದ್ದ. ಅವಳನ್ನು ಕಂಡು ಏಳಲು ಹೋದ.

"ಏಳ್ಬೇಡ. ಟ್ರೇ ಎಲ್ಲಿತ್ತು?"

'ನೀವು' ಎಲ್ಲಿ ಉದುರಿಹೋಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಅವನು ಬಟ್ಟಲು ಕೆಳಗಿಟ್ಟ. "ಮೇಜಿನ ಮೇಲೆ."

"ಫ್ರಿಜ್ಜಲ್ಲಿ ಇರ್ಲಿಲ್ಲ?"

"ಇರ್ಲಿಲ್ಲ."

"ಫೋನ್ ಮಾಡಿ ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀನು ಏನು ಮಾಡ್ತಿದ್ದೆ?"

ಏನು ಮಾಡುತ್ತಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಬಸ್ಸು ಹತ್ತಿ ಲ್ಯಾಬಿಗೆ ಬರುತ್ತಿದ್ದಳು. ಆಗದೆಂದು ಗೊತ್ತಿದ್ದೂ, ಹಗಲು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಮಾಡಲು ಹೊರಡುತ್ತಿದ್ದಳು.

"ಒಪ್ಪಿಸೋಕೆ ನಾಲ್ಕೇ ದಿನ ಇತ್ತು," ಎಂದ ಅವನು. "ಎರಡನೇ ಹಾಳೆ ಇದ್ರೆ ನೀನು ಬರೋದು ಬೇಕಾಗಿರ್ಲಿಲ್ಲ. ಇಲ್ಲದ ಅಂಕಿ ಹುಟ್ಟಿಸೋಕೆ ಕೈ ಬರ್ಲಿಲ್ಲ, ನಿನ್ನದನ್ನೇ ಬರೆದೆ. ನಿಮ್ಮಪ್ಪನ ಹತ್ರ ಇರಲಿ ಅನ್ನಿಸ್ತು. ಅಷ್ಟೇ."

ಅವಳ ಕಣ್ಣು ತುಂಬಿ ಬಂತು. ಮೂರನೇ ದಿನ ಸಂಜೆ ಅಪ್ಪ ಕಣ್ಣು ಬಿಟ್ಟಿದ್ದರು. 'ಊಟ ಆಯ್ತೇನಮ್ಮ?' ಎಂದು ಕೇಳಿದ್ದರು. ಅದೇ ಅವರ ಕೊನೆಯ ಮಾತು. ಅವಳು ಲ್ಯಾಬಿನಲ್ಲಿದ್ದಿದ್ದರೆ ಆ ಮಾತನ್ನು ಗೋಡೆ ಕೇಳಿಸಿಕೊಳ್ಳುತ್ತಿತ್ತು.

"ಸರ್ ಮುಂದೆ ನಾನು ನಿನ್ನ ಕಳ್ಳ ಅಂದಾಗಲಾದ್ರೂ..."

"ಕಳ್ಳತನ ಮಾಡಿದ್ದೆನಲ್ಲ. ನೀನು ಹೇಳಿದ್ರಲ್ಲಿ ಸುಳ್ಳೇನಿತ್ತು?"

"ಹೌದು! ನೀನು ಮಾಡಿದ್ದೆ!" ಅವಳು ಅಳುತ್ತಲೇ ಗದರಿದಳು. "ನೋಡಿ ಬರೆದಿದ್ದು ತಪ್ಪೇ. ಅದನ್ನ ನಾನು ಇವತ್ತೂ ಸರಿ ಅನ್ನಲ್ಲ. ಆದರೆ ನನ್ನ ತಪ್ಪನ್ನೂ ನೀನೇ ಹೊತ್ಕೊಂಡು ಹೋದೆಯಲ್ಲ... ಅದನ್ನ ತಗೋ ಅಂತ ಯಾರು ಅಂದಿದ್ರು ನಿನಗೆ? ಅದು ನನ್ನದು ಕಣೋ! ಒಂಬತ್ತು ವರ್ಷ ನಿನ್ನನ್ನ ದ್ವೇಷ ಮಾಡೋಕೆ ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ? ದ್ವೇಷ ಮಾಡೋಕೂ ಬಿಡಲ್ಲ, ಮರೆಯೋಕೂ ಬಿಡಲ್ಲ!"

ಮುನಿ ಏಪ್ರನ್ನಿನ ಅಂಚನ್ನು ಅವಳ ಕಣ್ಣೀರಿಗೆ ಚಾಚಿದ, ಅದರಲ್ಲಿ ವಿನಿಗರ್ ವಾಸನೆಯಿದೆಯೆಂದು ಹೊಳೆದು ಹಿಂದಕ್ಕೆ ಎಳೆದುಕೊಂಡ. ಅವಳೇ ಅದನ್ನು ಕಿತ್ತುಕೊಂಡು ಮುಖ ಒರೆಸಿಕೊಂಡಳು.

"ಓದು ಬಿಟ್ಟಿದ್ದಕ್ಕೆ ಬೇಜಾರಿಲ್ವಾ?"

"ಮೊದಲು ಇತ್ತು. ತಟ್ಟೆ ತೊಳೀತಾ ಶುರು ಮಾಡಿದೆ ಇಲ್ಲಿ. ಆಮೇಲೆ ಅನ್ನದ ಹದ ಕೈಗೆ ಬಂತು. ಈಗ ಈ ಕೆಲಸ ಬಿಟ್ಟು ಬೇರೆ ಬೇಡ." ಸ್ವಲ್ಪ ತಡೆದು ಹೇಳಿದ, "ಬೇಜಾರು ಬೇರೆಯದಕ್ಕೆ. ಆ ವಾರ ನಿನಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ."

"ಏನು?"

"ಕಳ್ಳನ ಬಾಯಲ್ಲಿ ಚೆನ್ನಾಗಿರಲ್ಲ ಅಂತ ಬಿಟ್ಟೆ."

"ಮುನಿ!"

"ನಿನ್ನ ಬಿಟ್ಟು ಇನ್ನೊಬ್ಬರ ಪಕ್ಕ ಕೂತು ಕೆಲಸ ಮಾಡೋಕೆ ನನಗೆ ಬರಲ್ಲ ಅಂತ," ಎಂದ ಅವನು, ಒಂದೇ ಉಸಿರಿಗೆ. "ಕೆಲಸ ಅಂದ್ರೆ... ಬರೀ ಕೆಲಸ ಅಲ್ಲ."

ಅವಳು ಕ್ರೇಟಿನ ಇನ್ನೊಂದು ತುದಿಯಲ್ಲಿ ಕೂತಳು.

ಒಳಗಿನಿಂದ ಡಬ್ಬಿಯ ದನಿ ಕೇಳಿಸಿತು. "ಟೀಚರ್, ಇನ್ನೂ ಜಗಳ ಆಡ್ತಿದಾರಾ?"

"ಸುಮ್ನಿರೋ, ಕೇಳಿಸ್ಕೊಳ್ತಿದೀನಿ!"

ದಶಮಾಂಶ ಅಳುವಿನ ನಡುವೆಯೇ ನಕ್ಕಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾಳೆ ಸೋಮವಾರ, ಹೋಟೆಲಿಗೆ ರಜಾ ಅಂತ ಬಾಗಿಲಲ್ಲಿ ಬರೆದಿದೆ. ಸರ್ ಮನೆಗೆ ಹೋಗ್ಬೇಕು. ಇಬ್ಬರೂ. ಟ್ರೇ ಹೊರಗೆ ಬಿಟ್ಟಿದ್ದು ನಾನು ಅಂತ ನಾನೇ ಹೇಳ್ತೀನಿ."

"ಇಷ್ಟು ವರ್ಷ ಆದ್ಮೇಲೆ ಯಾರಿಗೆ ಬೇಕೇ ಅದು?"

"ನನಗೆ ಬೇಕು."

ಅವನು ಅವಳನ್ನೇ ನೋಡಿದ. ತಲೆಯಾಡಿಸಿದ. "ಸರಿ. ಅಲ್ಲಿಂದ?"

"ಅಲ್ಲಿಂದ ನಮ್ಮನೆಗೆ."

"ನಿಮ್ಮನೇಲಿ ಏನು ಕೆಲಸ?"

"ಅಮ್ಮ ಇದಾರೆ."

"ಅಮ್ಮನಿಗೂ ಟ್ರೇ ವಿಷಯ ಹೇಳ್ಬೇಕಾ?"

"ದಡ್ಡ!" ಅವಳ ಕೆನ್ನೆ ಕೆಂಪಾಯಿತು. "ಒಂಬತ್ತು ವರ್ಷದಿಂದ ಬಂದ ಗಂಡುಗಳನ್ನೆಲ್ಲ ಬೇಡ ಅಂದಿದೀನಿ. ಯಾಕೆ ಅಂತ ಕೇಳಿ ಕೇಳಿ ಅಮ್ಮನಿಗೂ ಸಾಕಾಗಿದೆ. ಕಾರಣ ಇವನೇ ಅಂತ ತೋರಿಸ್ಬೇಡ್ವಾ?"

ಮುನಿ ತನ್ನ ಏಪ್ರನ್ನನ್ನೂ ಅದರಡಿಯ ಮಾಸಿದ ಅಂಗಿಯನ್ನೂ ನೋಡಿಕೊಂಡ. ಕೊನೆಗೆ ಕೇಳಿದ.

"ಯಾವ ಅಂಗಿ ಹಾಕ್ಕೊಳ್ಳಲಿ?"