ಬೆನ್ನ ಮೇಲಿನ ಕೆಂಪು ಗೆರೆ

"ಆ ಪುಸ್ತಕ ಇಲ್ಲಿ ಕೊಡಿ, ಡಾಕ್ಟ್ರೇ!"

ಅಮ್ಮನ ಮಂಚದ ಪಕ್ಕ ನಿಂತು ಕಿನಾಸಿ ಕೈ ಚಾಚಿದಳು. ಡಾಕ್ಟರ್ ಬಾಸ್ಕೊರೊ ತಟ್ಟನೆ ಪುಟದ ಮೇಲೆ ಅಂಗೈ ಇಟ್ಟುಬಿಟ್ಟ!

ಕಳ್ಳನ ಮನಸ್ಸು ಹುಳ್ಳುಳ್ಳಗೆ... ಅಂದುಕೊಂಡಳು ಅವಳು.

ಸೋಲೊ ನಗರದ ಆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು ಕಿನಾಸಿ. ಹೆಂಗಸರ ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನಿಗಿಂತ ಸಣ್ಣ ತೂತು ಕೊರೆದು ಮಾಡಿದರೆ ಮೈಯಲ್ಲಿ ಉರಿಯೂತ ಕಡಿಮೆಯೇ? ಬಾಸ್ಕೊರೊ ನಡೆಸುತ್ತಿದ್ದ ಅಧ್ಯಯನ ಅದು; ಆ ಪುಸ್ತಕ ಅದರ ದಾಖಲೆ. ಒಂದು ವರ್ಷದಿಂದ ಅವನು ತಂದ ರಕ್ತವನ್ನೆಲ್ಲ ಪರೀಕ್ಷಿಸಿದವಳು ಇವಳೇ. ಟ್ಯೂಬಿನ ಜೊತೆ ಬಿಸಿಬಿಸಿ ಕರಿದ ಬಾಳೆಹಣ್ಣೂ ಒಂದು ಬರುತ್ತಿತ್ತು. ಅದು ಯಾಕೆಂದು ಇವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅವನ ಮೇಲಿದ್ದ ನಂಬಿಕೆಯಲ್ಲಿ ಕಿನಾಸಿ ತನ್ನ ಅಮ್ಮ ತುಮಿನಿಯ ಅಂಡಾಶಯದ ಗಡ್ಡೆ ತೆಗೆಯಲು ಅವನನ್ನೇ ಒಪ್ಪಿದ್ದಳು. ಮೂರು ಸಣ್ಣ ತೂತು, ಅಷ್ಟೇ. ಆದರೆ ಮೂರನೇ ದಿನ ಅಮ್ಮನ ರಕ್ತದಲ್ಲಿ ಉರಿಯೂತದ ಅಂಕಿ ಇಳಿಯುವ ಬದಲು ಏರಿತ್ತು!

"ಒಳಗೆ ಏನೋ ಎಡವಟ್ಟು ಮಾಡಿದೀರ. ಅದನ್ನ ಮುಚ್ಚಿಡ್ತಿದೀರ!"

"ಹೊಟ್ಟೆ ಮೆತ್ತಗಿದೆ, ಜ್ವರ ಇಲ್ಲ, ಸ್ಕ್ಯಾನಿಂಗೂ ಸರಿಯಾಗಿದೆ. ನಾಳೆ ಇನ್ನೊಂದ್ಸಲ ರಕ್ತ ನೋಡೋಣ, ಕಿನಾಸಿ..."

"ನಿಮ್ಗೆ ಬೇಕಾದ ಅಂಕಿ ಬರೋ ತನಕ ನೋಡ್ತಾನೇ ಇರ್ತೀರಾ?"

ಅವನ ಮುಖ ಬಾಡಿತು. ಅವಳಿಗೂ ನೋವಾಯಿತು. ಆದರೂ ಅವನ ಕೈ ಪುಟ ಬಿಡಲಿಲ್ಲವಲ್ಲ!

ಮಂಚದಿಂದ ತುಮಿನಿ ಗೊಣಗಿದಳು. "ಯಾಕೆ ಆ ಹುಡುಗನ್ನ ಗೋಳು ಹೊಯ್ಕೊತೀಯೇ? ಮೊನ್ನೆ ಭುಜ ಹಿಡ್ಕೊಂಡಿತ್ತು. ನೀನು ನಾಣ್ಯದಲ್ಲಿ ಕೆರೆದೆ, ಗಾಳಿ ಹೋಯ್ತು. ನಂಗೇನಾಗಿದೆ ಈಗ?"

ಕಿನಾಸಿಗೆ ಮೊನ್ನೆಯದು ನೆನಪಾಯಿತು.

ಮೈಗೆ ಗಾಳಿ ಹೊಕ್ಕಿತೆಂದರೆ ಮುಲಾಮು ಸವರಿ ನಾಣ್ಯದಿಂದ ಬೆನ್ನು ಕೆರೆಯುವುದು ಅಜ್ಜಿಯ ಕಾಲದ ಮದ್ದು. ಈ ಸಲವಂತೂ ಗಾಳಿ ನಿಜಕ್ಕೂ ಹೊಕ್ಕಿತ್ತು! ಆಪರೇಷನ್ನಿಗೆಂದು ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿಯೇ ಭುಜ ನೋಯಿಸಿತ್ತು. ಅಮ್ಮ ಅತ್ತಳೆಂದು ಇವಳು ಪರದೆ ಎಳೆದು ಬೆನ್ನು ಕೆರೆದಿದ್ದಳು. ವಾರ್ಡಿನಲ್ಲಿ ಹಾಗೆ ಮಾಡುವಂತಿಲ್ಲ. ಸಿಬ್ಬಂದಿಯೇ ಮಾಡಿದರೆ ಕೆಲಸಕ್ಕೇ ಕುತ್ತು.

ಅಮ್ಮನ ರವಿಕೆ ಸರಿಸಿ ನೋಡಿದಳು. ಬೆನ್ನ ತುಂಬ ಊದಿದ ಕೆಂಪು ಗೆರೆಗಳು! ಅದೂ ಉರಿಯೂತವೇ ಅಲ್ಲವೇ?

ಅವನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಅಮ್ಮನ ಅಂಕಿ ಇದ್ದ ಹಾಗೇ ಇತ್ತು. ಪಕ್ಕದಲ್ಲಿ ಬರೆದಿತ್ತು: 'ಬೆನ್ನು ಕೆರೆದು ಚರ್ಮ ಊದಿದೆ. ಕೆರೆದವರು ಯಾರೆಂದು ಕೇಳಿಲ್ಲ.'

"ನಿಮ್ಗೆ... ಗೊತ್ತಿತ್ತಾ?"

"ನಿಮ್ಮ ರಕ್ತದ ಟ್ರೇಯಲ್ಲಿ ಮುಲಾಮು ಮೆತ್ತಿದ ನಾಣ್ಯ ನೋಡ್ದೆ. ಅಂಕಿ ಏರಿದ್ದು ಅದಕ್ಕೇ ಅಂತ ಆಣೆ ಮಾಡಿ ಹೇಳಲಾರೆ. ಅದ್ಕೇ ನಾಳೆ ನೋಡೋಣ ಅಂದೆ."

"ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೆಡ್ ನರ್ಸ್ ಇಲ್ಲೇ ಓಡಾಡ್ತಿದ್ರು..."

ಛೇ! ನನ್ನನ್ನು ಕಾಯಲು ಮುಚ್ಚಿದ್ದ ಕೈಯನ್ನು ಕಳ್ಳನ ಕೈ ಅಂದುಕೊಂಡೆನಲ್ಲ!

ಮರುದಿನ ಬೆಳಿಗ್ಗೆ ಅಂಕಿ ಅರ್ಧಕ್ಕಿಳಿದಿತ್ತು. ಕಿನಾಸಿ ತಾನೇ ಅದನ್ನು ಪುಸ್ತಕದಲ್ಲಿ ಬರೆದಳು. ಕೆಳಗೆ ಇನ್ನೊಂದು ಸಾಲು: 'ಕೆರೆದವಳು ಕಿನಾಸಿ.'

"ಅಯ್ಯೋ, ಅಳಿಸಿ! ಕೆಲಸ ಹೋದೀತು!"

"ಹೆಡ್ ನರ್ಸಿಗೂ ಹೇಳಿ ಬಂದೆ. ಬೈದ್ರು, ಬೈಸ್ಕೊಂಡೆ. ಅಂಕಿ ಅಳಿಸದವ್ರು ನನ್ನ ಹೆಸರು ಅಳಿಸ್ತೀರಾ?"

ಅವನು ಆ ಹೆಸರಿನ ಮೇಲೆ ಬೆರಳಿಟ್ಟ.

"ಆ ಹೆಸರು ಅಳಿಸೋಕೆ ನನ್ನ ಕೈಲಾಗಲ್ಲ, ಕಿನಾಸಿ. ಒಂದು ವರ್ಷದಿಂದ ಆಗಿಲ್ಲ."

ಅವಳ ಕಣ್ಣು ತುಂಬಿತು, ನಗುವೂ ಬಂತು.

"ಹಾಗಾದ್ರೆ ನಾಳೆಯಿಂದ ಬಾಳೆಹಣ್ಣು ಎರಡು ತನ್ನಿ. ಕೂತ್ಕೊಂಡು ತಿನ್ನೋಣ."