ಎಡಗೈಯ ಗೇರ್ ರಾಡ್

"ಗೇರ್ ರಾಡ್ ಎಡಕ್ಕೆ ಬರಬೇಕು," ಎಂದ ಮಹಾಬಲ.

ನಳಿನಾಕ್ಷಿ ಸ್ಪ್ಯಾನರ್ ಕೆಳಗಿಟ್ಟಳು. ತಂದೆ ಮಾಯಿಲಪ್ಪ ತೀರಿಹೋದ ಮೇಲೆ ಜೆಪ್ಪುವಿನ ಆ ಗ್ಯಾರೇಜನ್ನು ನಡೆಸುತ್ತಿದ್ದವಳು ಅವಳೇ. ಎಪ್ಪತ್ತೆಂಟನೇ ಇಸವಿಯಲ್ಲಿ ಹೆಣ್ಣೊಬ್ಬಳು ಗ್ಯಾರೇಜ್ ನಡೆಸುವುದೆಂದರೆ ಊರಿನ ಬಾಯಿಗೆ ಒಳ್ಳೆಯ ಮೇವು. ಹೆಂಚಿನ ಕಾರ್ಖಾನೆಗೆ ಮಣ್ಣು ಸಾಗಿಸುವ ಮಹಾಬಲನ ಹಳೆಯ ಟ್ರಾಕ್ಟರು ಗೇರ್ ಕೆಟ್ಟಿತೆಂದು ಆಗಾಗ ಅಲ್ಲಿಗೆ ಬರುತ್ತಿತ್ತು. ಅಷ್ಟು ಸಲ ಕೆಡುವ ಗೇರ್‌ಬಾಕ್ಸ್ ಅದಲ್ಲ ಎಂದು ಗೊತ್ತಿದ್ದೂ ಅವಳು ಪ್ರತಿ ಸಲ ಬಿಚ್ಚಿ ನೋಡುತ್ತಿದ್ದಳು.

"ಎಡಕ್ಕೆ ಎಂತಕ್ಕೆ?"

"ಬಲಗೈ ತೆಗೀಬೇಕಂತೆ. ಮೂಳೆಗೆ ಕ್ಯಾನ್ಸರ್. ಫಳ್ನೀರಿನ ಡಾಕ್ಟ್ರು ಹೇಳಿದ್ರು. ಇದನ್ನು ಓಡಿಸುದು ಬಿಟ್ರೆ ನನಗೆ ಬೇರೆ ಕೆಲಸ ಗೊತ್ತಿಲ್ಲ."

ಅವಳಿಗೆ ಅಳು ಒತ್ತಿ ಬಂತು. ಗ್ರೀಸ್ ಮೆತ್ತಿದ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ.

ಗಾಡಿ ಓಡಿಸುವವನ ಕೈಯ ಅಳತೆಗೇ ರಾಡನ್ನು ಬಗ್ಗಿಸಬೇಕು ಎಂಬುದು ಮಾಯಿಲಪ್ಪನ ಕ್ರಮ. "ಸೀಟಲ್ಲಿ ಕೂತು ಕೈ ಚಾಚಿ," ಎಂದಳು. ಅವನು ಅಭ್ಯಾಸದಂತೆ ಬಲಗೈ ಚಾಚಿದ.

"ಅದಲ್ಲ ಮಾರಾಯ್ರೆ."

ಎಡಗೈ ಚಾಚಿದ. ಅವಳು ಅವನ ಬೆರಳು ಮಡಿಸಿ, ಹಿಡಿ ಎಲ್ಲಿ ಬರಬೇಕೆಂದು ನೋಡಿದಳು. ನೋಡಿಯಾದ ಮೇಲೂ ಕೈ ಬಿಡಲಿಲ್ಲ.

"ಗಿರಾಕಿಗಳೆಲ್ಲ ನಿಮಗೆ ಅಣ್ಣ. ನನ್ನನ್ನು ಮಾತ್ರ ಯಾಕೆ ಹಾಗೆ ಕರೆಯುದಿಲ್ಲ?" ಅವನ ಕಣ್ಣಿನ ತುಂಟತನ ಇನ್ನೂ ಹೋಗಿರಲಿಲ್ಲ.

"ನೀವು ಅಣ್ಣ ಅಲ್ಲ, ಅದಕ್ಕೆ."

"ಮತ್ತೆ ಎಂತ?"

"ಆಪರೇಶನ್ ಮುಗಿಸಿ ಬನ್ನಿ. ಹೇಳ್ತೇನೆ."

"ನಾನು ಈಗಲೇ ಹೇಳ್ತೇನೆ. ಈ ಗೇರ್‌ಬಾಕ್ಸ್ ಒಂದು ಸಲವೂ ಕೆಟ್ಟಿರ್ಲಿಲ್ಲ."

"ಗೊತ್ತುಂಟು," ಎಂದಳು ನಳಿನಾಕ್ಷಿ.

ಅವನು ಆಸ್ಪತ್ರೆ ಸೇರಿದ ಮೇಲೆ ಅಡ್ಡ ಸರಳು ಬೆಸೆದು ರಾಡನ್ನು ಎಡಕ್ಕೆ ತಂದಳು. ತನ್ನ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಒಂದೇ ಕೈಯಲ್ಲಿ ಅಂಗಳದ ಸುತ್ತ ಓಡಿಸಿ ನೋಡಿದಳು. ಗೇರ್ ಸಲೀಸಾಗಿ ಬಿತ್ತು. ಇದನ್ನು ನೋಡಿ ಅವನು ಎಷ್ಟು ನಗಬಹುದೆಂದು ನೆನೆದು ತಾನೂ ನಕ್ಕಳು.

ಟ್ರಾಕ್ಟರ್ ಒಯ್ಯಲು ಬಂದವನು ಅವನ ತಮ್ಮ ಸುಂದರ.

"ಅಣ್ಣ ಹೋದ, ನಳಿನಕ್ಕ. ಕೈ ತೆಗೆದ್ರೂ ಉಳೀಲಿಲ್ಲ." ರಾಡಿನತ್ತ ನೋಡಿದ. "ಇದನ್ನು ಮೊದಲಿನ ಹಾಗೆ ಬಲಕ್ಕೆ ಮಾಡಿಕೊಡಿ. ಇನ್ನು ಓಡಿಸುವವ ನಾನಲ್ವಾ."

"ಅದನ್ನು ನಾನು ಕತ್ತರಿಸುದಿಲ್ಲ. ಬೇರೆ ಕಡೆ ಕೊಡಿ."

ಸುಂದರ ಟ್ರಾಕ್ಟರ್ ಹತ್ತಿದ. ಅದು ಗೇಟು ದಾಟುವಷ್ಟರಲ್ಲಿ ಅವಳು ಓಡಿಬಂದು ಅಡ್ಡ ನಿಂತಳು.

"ನಿಲ್ಲಿಸಿ ಸುಂದರಣ್ಣ. ಬೇರೆ ಯಾರೂ ಅದನ್ನು ಮುಟ್ಟುದು ಬೇಡ. ನಾನೇ ಕತ್ತರಿಸ್ತೇನೆ."

ಸುಂದರ ಇಳಿದು ಹೋದ ಮೇಲೆ, ಮಹಾಬಲನ ಕೈ ಒಮ್ಮೆಯೂ ಮುಟ್ಟದ ಆ ಹಿಡಿಯನ್ನು ಅವಳು ಬಿಗಿಯಾಗಿ ಹಿಡಿದುಕೊಂಡಳು.

"ನೀವು ನನ್ನವರು," ಎಂದಳು.

ಆಮೇಲೆ ಗ್ಯಾಸ್ ಕಟರ್ ಹೊತ್ತಿಸಿದಳು.